ಮಲೆನಾಡಿನ ಮಳೆಗೆಂದು ಮರುಜೋಡಿಸಿದ ಸೈಕಲ್: ಒಂದು ಮುಂಗಾರು ಕಳೆದ ಮೇಲಿನ ವಿಮರ್ಶೆ

ಏಳು ವರ್ಷ ಹಳೆಯದಾದ ನನ್ನ ಮೌಂಟನ್ ಬೈಕನ್ನು ಮಾರಿ ಹೊಸದನ್ನು ಕೊಳ್ಳುವ ಬದಲು, ಫ್ರೇಮ್, ಚಕ್ರ ಮತ್ತು ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕನ್ನು ಉಳಿಸಿಕೊಂಡು ಮಿಕ್ಕ ಮುಖ್ಯ ಭಾಗಗಳನ್ನೆಲ್ಲ ಬದಲಾಯಿಸುವ ಕೆಲಸವನ್ನು ಕಳೆದ ಮೇ ತಿಂಗಳಿನಲ್ಲಿ ಶಿವಮೊಗ್ಗದ ಒಬ್ಬ ಸೈಕಲ್ ಮೆಕ್ಯಾನಿಕ್‌ಗೆ ಒಪ್ಪಿಸಿದೆ. ಜೂನ್ ಎರಡನೆಯ ವಾರ ಸೈಕಲ್ ಕೈಗೆ ಬಂದಿತು. ಅಲ್ಲಿಂದ ಆರಿದ್ರೆ, ಪುನರ್ವಸು, ಪುಷ್ಯ ಮಳೆಗಳನ್ನು ದಾಟಿ ಉತ್ತರೆ ಮಳೆ ಮುಗಿಯುವವರೆಗೆ, ಪೇಟೆಯ ಡಾಂಬರು ರಸ್ತೆಯಲ್ಲಿಯೂ ತೀರ್ಥಹಳ್ಳಿ ಸೀಮೆಯ ನಮ್ಮೂರಿನ ಮಣ್ಣುದಾರಿಗಳಲ್ಲಿಯೂ ಸೇರಿ 1,100 ಕಿಲೋಮೀಟರಿಗೂ ಹೆಚ್ಚು ದೂರ ಅದನ್ನು ಓಡಿಸಿದ್ದೇನೆ. ಯಾವ ಭಾಗಕ್ಕೆ ಹಾಕಿದ ಹಣ ಮಲೆನಾಡಿನಲ್ಲಿ ಸಾರ್ಥಕವಾಗುತ್ತದೆ, ಯಾವುದು ಇಲ್ಲಿಯ ಕೆಸರಿಗೆ ತಾಳುವುದಿಲ್ಲ ಎಂಬುದನ್ನು ಈಗ ಹೇಳಬಲ್ಲೆ. ಮೆಕ್ಯಾನಿಕ್ ಒಬ್ಬರೇ ದುಡಿಯುವವರು. ಇರುವ ಕೆಲಸವೇ ಕೈತುಂಬ ಇರುವುದರಿಂದ ಹೆಸರು ಬರೆಯುವುದು ಬೇಡವೆಂದು ಕೇಳಿಕೊಂಡಿದ್ದಾರೆ. ಅವರ ಮಾತನ್ನು ಉಳಿಸಿಕೊಂಡು ಬರೆಯುತ್ತಿದ್ದೇನೆ.

ಈ ಕೆಲಸಕ್ಕೆ ಕೈಹಾಕಲು ಪ್ರೇರಣೆಯಾದದ್ದು ಭಾನುವಾರ ಬೆಳಗಿನ ನಮ್ಮ ಗುಂಪು. ಹತ್ತು ಹನ್ನೆರಡು ಜನ ನಸುಕಿನಲ್ಲಿಯೇ ಹೊರಟು, ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರಿನ ತುಂಗಾ ಅಣೆಕಟ್ಟೆಯನ್ನು ದಾಟಿ, ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಚಹಾಕ್ಕೆ ನಿಲ್ಲುತ್ತೇವೆ. ಶಿವಮೊಗ್ಗದಿಂದ ಅಲ್ಲಿಗೆ ಸುಮಾರು 14 ಕಿ.ಮೀ. ಸೈಕಲ್ಲುಗಳನ್ನು ಸಾಲಾಗಿ ಒರಗಿಸಿದ ಮೇಲೆ ಅರ್ಧ ಗಂಟೆ ಬೇರೆ ಮಾತೇ ಇರುವುದಿಲ್ಲ. ಒಬ್ಬರು ಹೊಸದಾಗಿ ಹಾಕಿಸಿದ ನೀಲಿ ಅಲ್ಯೂಮಿನಿಯಂ ಪೆಡಲ್ಲುಗಳನ್ನು ತೋರಿಸಿದರೆ, ಇನ್ನೊಬ್ಬರು ಚಕ್ರದ ನಡುವಿನ ಹಬ್ಬಿನ ಸದ್ದು ಕೇಳಿಸಲೆಂದು ಹಿಂದಿನ ಚಕ್ರವನ್ನು ಎತ್ತಿ ತಿರುಗಿಸುತ್ತಾರೆ. ಹ್ಯಾಂಡಲ್ ಮೇಲಿನ ಗುಂಡಿ ಒತ್ತಿ ಸೀಟನ್ನು ಇಳಿಸುವ ಡ್ರಾಪರ್ ಪೋಸ್ಟ್ ಹಾಕಿಸಿಕೊಂಡವರ ಸುತ್ತ ಎಲ್ಲರೂ ನೆರೆಯುತ್ತಾರೆ. ಈ ಸಾಲಿನಲ್ಲಿ ನಾನು ಅತ್ಯಂತ ಮೆಚ್ಚಿದ್ದು ಸಾಗರದ ಕಡೆಯ ಯುವಕನೊಬ್ಬನ ಸೈಕಲ್ಲನ್ನು. ಆತ ಫ್ರೇಮಿನ ಹಳೆಯ ಬಣ್ಣವನ್ನು ಉಜ್ಜಿ ತೆಗೆದು, ಕೆಮ್ಮಣ್ಣಿನ ಬಣ್ಣ ಹೊಡೆಸಿ, ಅದರ ಮೇಲೆ ತನ್ನ ತಾಯಿಯಿಂದ ಹಸೆ ಚಿತ್ತಾರ ಬರೆಸಿದ್ದಾನೆ. ದೀವರ ಸಮುದಾಯದ ಮನೆಗಳಲ್ಲಿ ಮದುವೆಯ ಸಮಯಕ್ಕೆ, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಯ ಬಿಳುಪಿನಲ್ಲಿ ಹೆಂಗಸರು ಬರೆಯುವ ಚಿತ್ತಾರವದು. ಇಲ್ಲಿ ಅಕ್ಕಿಹಿಟ್ಟಿನ ಬದಲು ಬಿಳಿ ಎನಾಮೆಲ್ ಬಳಸಿ, ಮೇಲೆ ಎರಡು ಕೋಟು ಲ್ಯಾಕರ್ ಹೊಡೆಸಿದ್ದಾರೆ. ಕುಂಚ ಮಾತ್ರ ಪುಂಡಿನಾರಿನದೇ. ಮೇಲಿನ ಕೊಳವೆಯ ಉದ್ದಕ್ಕೂ ದಾರದಷ್ಟು ತೆಳ್ಳಗಿನ ಜೋಡಿಗೆರೆಗಳು ಓಡಿ, ಸೀಟಿನ ಕೊಳವೆಗೆ ಕೂಡುವಲ್ಲಿ ತ್ರಿಕೋನಗಳಾಗಿ ಹೆಣೆದುಕೊಂಡಿವೆ. ವೆಲ್ಡಿಂಗ್‌ನ ಉಬ್ಬಿನ ಮೇಲೆಯೂ ಗೆರೆ ಕದಲಿಲ್ಲ. ಯಾವ ಅಂಗಡಿಯಲ್ಲಿಯೂ ಇಂಥದ್ದು ಸಿಗುವುದಿಲ್ಲ.

ಸೈಕಲ್ಲನ್ನು ಬಿಚ್ಚಿ ತಮಗೆ ಬೇಕಾದಂತೆ ಕಟ್ಟಿಕೊಳ್ಳುವುದನ್ನು ದುಂದುಗಾರಿಕೆ ಎನ್ನುವವರಿದ್ದಾರೆ. ಆದರೆ ಮೌಂಟನ್ ಬೈಕ್ ಹುಟ್ಟಿದ್ದೇ ಹೀಗೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಯುವಕರು, 1930 ಮತ್ತು 40ರ ದಶಕಗಳ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಹುಡುಕಿ ತಂದು, ಅವಕ್ಕೆ ಗೇರು ಮತ್ತು ಒಳ್ಳೆಯ ಬ್ರೇಕುಗಳನ್ನು ಸೇರಿಸುತ್ತ ಬೆಟ್ಟದ ದಾರಿಗಳಲ್ಲಿ ಇಳಿಸುತ್ತಿದ್ದರು. 1976ರಲ್ಲಿ ಆರಂಭವಾದ ಅವರ ಇಳಿಜಾರಿನ ಸ್ಪರ್ಧೆಗೆ 'ರಿಪ್ಯಾಕ್' ಎಂಬ ಹೆಸರು ಬರಲು ಕಾರಣವಿದೆ: ಬೆಟ್ಟ ಇಳಿದು ಮುಗಿಯುವಷ್ಟರಲ್ಲಿ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗಿ, ಹಬ್ಬನ್ನು ಬಿಚ್ಚಿ ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಕಾರ್ಖಾನೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಮೌಂಟನ್ ಬೈಕುಗಳಲ್ಲಿ ಒಂದಾದ ಸ್ಟಂಪ್‌ಜಂಪರ್ ಮಾರಾಟಕ್ಕೆ ಬಂದದ್ದು 1981ರಲ್ಲಿ. ಅಲ್ಲಿಯವರೆಗೆ ಈ ಸೈಕಲ್ಲನ್ನು ಬಹುಮಟ್ಟಿಗೆ ಓಡಿಸುವವರೇ ಕಟ್ಟಿಕೊಳ್ಳುತ್ತಿದ್ದರು.

ನನ್ನ ಮೊದಲ ಖರೀದಿ ತಪ್ಪಾಯಿತು. ಗುಂಪಿನವರೊಬ್ಬರ, ಗಾಳಿಯ ಒತ್ತಡದಿಂದ ಕುಲುಕು ತಡೆಯುವ ಏರ್ ಫೋರ್ಕ್ ನೋಡಿ ನನಗೂ ಅದೇ ಬೇಕೆನಿಸಿ, ದೊಡ್ಡ ಊರಿನ ಅಂಗಡಿಯೊಂದರಿಂದ ತರಿಸಿದೆ. ಸೈಕಲ್ಲಿನ ಮಾಡೆಲ್ ಹೇಳಿದಾಗ ಸರಿಯಾಗಿ ಕೂರುತ್ತದೆ ಎಂದಿದ್ದರು. ಬಂದದ್ದು ಬುಡದಲ್ಲಿ ಒಂದೂವರೆ ಇಂಚು ದಪ್ಪವಿದ್ದು ಮೇಲಕ್ಕೆ ಸಣ್ಣದಾಗುವ ಟೇಪರ್ಡ್ ಕಾಂಡದ ಫೋರ್ಕ್; ನನ್ನ ಫ್ರೇಮಿಗೆ ಬೇಕಾದದ್ದು ಉದ್ದಕ್ಕೂ 28.6 ಮಿ.ಮೀ. ದಪ್ಪದ ನೇರ ಕಾಂಡದ್ದು. ಅಂಗಡಿಯವರು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಅದನ್ನು ಹೊತ್ತುಕೊಂಡು ಮೆಕ್ಯಾನಿಕ್ ಬಳಿ ಹೋದಾಗ ಅವರು ಪೆಟ್ಟಿಗೆ ಬಿಚ್ಚುವ ಮೊದಲೇ ನನ್ನ ಸೈಕಲ್ಲಿನ ಹೆಡ್‌ಟ್ಯೂಬಿಗೆ (ಫೋರ್ಕಿನ ಕಾಂಡ ಕೂರುವ ಕೊಳವೆಗೆ) ಅಳತೆಯ ಕ್ಯಾಲಿಪರ್ ಹಿಡಿದು ನೋಡಿ, "ಮೇಷ್ಟ್ರೇ, ಇದು ಕೂರಲ್ಲ. ಫೋರ್ಕ್ ವಿಷ್ಯ ಆಮೇಲೆ ನೋಡಾಣ. ಮೊದ್ಲು ಟೈರ್ ನೋಡಿ, ಬಟನ್ನೇ ಉಳ್ದಿಲ್ಲ. ಬ್ರೇಕ್ ಹಿಡುದ್ರೆ ಲಿವರ್ ಹ್ಯಾಂಡ್ಲಿಗೇ ಬಂದು ತಾಗ್ತದೆ. ಇದನ್ನಿಟ್ಕಂಡು ಘಟ್ಟದ ಕಡೆ ಹೋಗ್ತೀರಲ್ಲ!" ಎಂದರು. ಹಳೆಯ ಕ್ಯಾಲೆಂಡರಿನ ಹಾಳೆಯೊಂದರ ಬೆನ್ನಿಗೆ ಟೈರು, ಬ್ರೇಕು, ಗೇರು ಎಂದು ಅದೇ ಕ್ರಮದಲ್ಲಿ ಬರೆದುಕೊಟ್ಟರು. ನಾನು ಹಣ ಹಾಕಿದ್ದೂ ಅದೇ ಕ್ರಮದಲ್ಲಿ. ಮಲೆನಾಡಿನವರು ಯಾರೇ ಸೈಕಲ್ ಬದಲಾಯಿಸಿಕೊಳ್ಳಲು ಹೊರಟರೂ ಈ ಕ್ರಮವನ್ನು ಮೀರಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಟೈರುಗಳು 27.5 ಇಂಚಿನ ಚಕ್ರಕ್ಕೆ 2.25 ಇಂಚು ಅಗಲದವು. ಬಟನ್ನುಗಳು, ಎಂದರೆ ನೆಲ ಹಿಡಿಯುವ ಉಬ್ಬುಗಳು, ಎತ್ತರವಾಗಿ, ಒಂದಕ್ಕೊಂದು ದೂರವಾಗಿವೆ. ಬಟನ್ನುಗಳು ಒತ್ತಾಗಿದ್ದ ಹಳೆಯ ಟೈರಿನಲ್ಲಿ ನಮ್ಮ ಕೆಂಪುಮಣ್ಣು ಹಿಟ್ಟಿನಂತೆ ಮೆತ್ತಿಕೊಂಡು ಐವತ್ತು ಮಾರು ಹೋಗುವಷ್ಟರಲ್ಲಿ ಟೈರೇ ನುಣ್ಣಗಾಗುತ್ತಿತ್ತು. ಇದರಲ್ಲಿ ಚಕ್ರ ತಿರುಗಿದಂತೆ ಕೆಸರು ಸಿಡಿದು ಹೋಗುತ್ತದೆ. ಮುಂದೆ 28, ಹಿಂದೆ 32 ಪಿಎಸ್‌ಐ ಗಾಳಿ ಇಟ್ಟಿದ್ದೇನೆ. ಟ್ಯೂಬ್‌ಲೆಸ್ ಮಾಡಿಸುವ ಆಸೆಯಿತ್ತು. ಆದರೆ ನನ್ನ ರಿಮ್ಮಿನ ಒಳಗೆ ಟೈರಿನ ಅಂಚನ್ನು ಹಿಡಿದಿಡುವ ಏಣು ಇಲ್ಲದ ಕಾರಣ, ಟೇಪು ಸುತ್ತಿ ಮಾಡಿಕೊಟ್ಟರೆ ತಿರುವಿನಲ್ಲಿ ಟೈರು ಕಳಚಬಹುದೆಂದು ಮೆಕ್ಯಾನಿಕ್ ಒಪ್ಪಲಿಲ್ಲ. ಬರುವ ಹಣವನ್ನು ಬಿಟ್ಟು ಬೇಡವೆಂದ ಆ ಪ್ರಾಮಾಣಿಕತೆ ದೊಡ್ಡದು. ಬಿದಿರು ಮುಳ್ಳು ಹೊಕ್ಕು ಎರಡು ಸಲ ಪಂಕ್ಚರ್ ಆಯಿತು. ಟ್ಯೂಬ್ ಇರುವವರೆಗೆ ಅದು ತಪ್ಪಿದ್ದಲ್ಲ. ಹಾವಸೆ ಕಟ್ಟಿದ ಜಂಬಿಟ್ಟಿಗೆಯ ಮೇಲೆ ಈ ಟೈರೂ ನಿಲ್ಲುವುದಿಲ್ಲ. ಹಳ್ಳದ ಮೇಲಿನ ಅಡಿಕೆ ದಬ್ಬೆಯ ಸಂಕವನ್ನು ನಾನು ಎಂದೂ ಸೈಕಲ್ ಹೆಗಲಿಗೇರಿಸಿಯೇ ದಾಟುತ್ತೇನೆ.

ಬ್ರೇಕಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮೊದಲು ಇದ್ದದ್ದು ತಂತಿ ಎಳೆಯುವ ಡಿಸ್ಕ್ ಬ್ರೇಕು. ಮಳೆಗಾಲದಲ್ಲಿ ತಂತಿಯ ಹೊದಿಕೆಯೊಳಗೆ ನೀರು, ಮರಳು ಸೇರಿ ಲಿವರ್ ಗಟ್ಟಿಯಾಗುತ್ತಿತ್ತು. ಈಗ ಹಾಕಿಸಿರುವುದು ತಂತಿಯ ಬದಲು ಎಣ್ಣೆಯ ಒತ್ತಡದಿಂದ ಹಿಡಿಯುವ, ಮಿನರಲ್ ಆಯಿಲ್ ಬಳಸುವ ಹೈಡ್ರಾಲಿಕ್ ಬ್ರೇಕು. ಮುಂದೆ 180 ಮಿ.ಮೀ., ಹಿಂದೆ 160 ಮಿ.ಮೀ. ಡಿಸ್ಕ್. ಇದರ ನಿಜವಾದ ಪರೀಕ್ಷೆ ನಡೆದದ್ದು ಜುಲೈ ಕೊನೆಯಲ್ಲಿ, ಕುಂದಾದ್ರಿಯಿಂದ ಇಳಿಯುವಾಗ. ಮೇಲೆ ಬಸದಿಯ ಹತ್ತಿರ ಎದುರಿನ ಮನುಷ್ಯ ಕಾಣದಷ್ಟು ಮಂಜು, ರಸ್ತೆಯ ಮೇಲೆ ಹರಿಯುವ ನೀರು, ಒಂದರ ಹಿಂದೆ ಒಂದು ಕಡಿದಾದ ತಿರುವು. ಹಿಂದಿನ ವರ್ಷ ಅದೇ ಇಳಿಜಾರಿನಲ್ಲಿ ನಾಲ್ಕೂ ಬೆರಳುಗಳಿಂದ ಲಿವರ್ ಹಿಡಿದು ಮುಂಗೈ ಮರಗಟ್ಟಿತ್ತು. ಈ ಸಲ ಒಂದೊಂದೇ ಬೆರಳು ಸಾಕಾಯಿತು. ಡಿಸ್ಕಿನ ಮೇಲೆ ನೀರಿದ್ದಾಗ ಮೊದಲ ಕ್ಷಣ ಕಿರುಗುಟ್ಟಿ, ಒರೆಸಿಕೊಂಡ ಮೇಲೆ ಗಟ್ಟಿಯಾಗಿ ಹಿಡಿಯುತ್ತದೆ. ಆ ಕ್ಷಣವನ್ನು ಲೆಕ್ಕಕ್ಕೆ ಇಟ್ಟುಕೊಂಡು ತಿರುವಿಗೆ ಮುಂಚೆಯೇ ಲಿವರ್ ಮುಟ್ಟುವುದನ್ನು ರೂಢಿಸಿಕೊಂಡಿದ್ದೇನೆ.

ಕೊರತೆಯೂ ಇದೆ. ಜೊತೆಗೆ ಬಂದ, ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡುಗಳು ರೆಸಿನ್‌ನವು. ಅವು ಸದ್ದು ಮಾಡುವುದಿಲ್ಲ, ಆದರೆ ಕೆಸರುನೀರಿನಲ್ಲಿ ಸೀಮೆಸುಣ್ಣದಂತೆ ಕರಗುತ್ತವೆ. ಹೊಸದರಲ್ಲಿ ಸುಮಾರು 2 ಮಿ.ಮೀ. ಇರುವ ಪದರ ಅರ್ಧ ಮಿ.ಮೀ.ಗೆ ಬಂದಾಗ ಬದಲಾಯಿಸಬೇಕು. ನನ್ನ ಹಿಂದಿನ ಚಕ್ರದ ಪ್ಯಾಡು ಆಗಸ್ಟ್ ಮಧ್ಯದಲ್ಲಿಯೇ ಆ ಸ್ಥಿತಿಗೆ ಬಂದಿತ್ತು. ಹೆಚ್ಚು ಬಾಳುವ ಮೆಟಲ್ ಪ್ಯಾಡು ಹಾಕೋಣವೆಂದರೆ, ಡಿಸ್ಕಿನ ಮೇಲೆಯೇ 'ರೆಸಿನ್ ಪ್ಯಾಡ್ ಓನ್ಲಿ' ಎಂದು ಸಣ್ಣ ಅಕ್ಷರದಲ್ಲಿ ಕೆತ್ತಿದೆ. ಅಂಥ ಡಿಸ್ಕಿನ ಉಕ್ಕು ಮೃದು. ಮೆಟಲ್ ಪ್ಯಾಡಿಗೆ ಅದು ಬೇಗ ಸವೆದುಹೋಗುತ್ತದೆ. ಆದ್ದರಿಂದ ಕೊಳ್ಳುವಾಗಲೇ ಈ ಅಕ್ಷರಗಳನ್ನು ಓದಿ, ಎರಡೂ ಬಗೆಯ ಪ್ಯಾಡು ತಾಳುವ ಡಿಸ್ಕನ್ನು ಕೇಳಿ ಪಡೆಯುವುದು ಒಳ್ಳೆಯದು. ಇನ್ನೊಂದು ಎಚ್ಚರಿಕೆ: ಮಿನರಲ್ ಆಯಿಲ್‌ನ ಬ್ರೇಕಿಗೆ ಮೋಟಾರ್ ಸೈಕಲ್ಲಿನ ಡಾಟ್ ಬ್ರೇಕ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ಹಳ್ಳಿಯ ಗ್ಯಾರೇಜಿನಲ್ಲಿ ಅವಸರಕ್ಕೆ ಕೈಗೆ ಸಿಕ್ಕಿದ್ದನ್ನು ಹಾಕಿಸಿಕೊಳ್ಳಬಾರದು.

ಗೇರಿಗೆ ಬಂದರೆ, ಮುಂದೆ ಮೂರು, ಹಿಂದೆ ಎಂಟು ಹಲ್ಲುಚಕ್ರಗಳಿದ್ದ ಹಳೆಯ ವ್ಯವಸ್ಥೆಯನ್ನು ತೆಗೆದು, ಮುಂದೆ 30 ಹಲ್ಲಿನ ಒಂದೇ ಚಕ್ರ, ಹಿಂದೆ ತೈವಾನಿನ ಮೈಕ್ರೋಶಿಫ್ಟ್ ಕಂಪನಿಯ ಅಡ್ವೆಂಟ್ ಶ್ರೇಣಿಯ 9 ಗೇರಿನ, 11ರಿಂದ 42 ಹಲ್ಲಿನ ಕ್ಯಾಸೆಟ್ (ಹಲ್ಲುಚಕ್ರಗಳ ಕಟ್ಟು) ಹಾಕಿಸಿದೆ. ಎಂಟು ಗೇರಿನ ಕ್ಯಾಸೆಟ್ ಕೂರುವ ಹಬ್ಬಿಗೇ ಇದೂ ಕೂರುವುದರಿಂದ ಚಕ್ರ ಬದಲಾಯಿಸಬೇಕಾಗಲಿಲ್ಲ. ಹಬ್ಬಿಗೆ ತಿರುಪಿನಂತೆ ಬಿಗಿಯುವ ಹಳೆಯ ಬಗೆಯ ಫ್ರೀವೀಲ್ ಇರುವ ಸೈಕಲ್ಲುಗಳಲ್ಲಿ ಈ ಅನುಕೂಲವಿಲ್ಲ. ಮೊದಲು ಏರಿಗೆಂದು ಇದ್ದ ಅತಿ ಹಗುರ ಗೇರು ಮುಂದಿನ 22 ಹಲ್ಲಿಗೆ ಹಿಂದಿನ 32, ಎಂದರೆ ಪೆಡಲ್ಲಿನ ಒಂದು ಸುತ್ತಿಗೆ ಚಕ್ರ 0.69 ಸುತ್ತು, ಈಗ 30ಕ್ಕೆ 42, ಎಂದರೆ 0.71. ಏರುವಾಗ ವ್ಯತ್ಯಾಸ ತಿಳಿಯುವುದಿಲ್ಲ. ವ್ಯತ್ಯಾಸ ತಿಳಿಯುವುದು ಸಮತಟ್ಟಾದ ಹೆದ್ದಾರಿಯಲ್ಲಿ: ನಿಮಿಷಕ್ಕೆ 80 ಸುತ್ತು ತುಳಿದರೆ ಮೊದಲು ಗಂಟೆಗೆ 40 ಕಿ.ಮೀ. ಮುಟ್ಟುತ್ತಿದ್ದ ಸೈಕಲ್ ಈಗ 29ಕ್ಕೆ ನಿಲ್ಲುತ್ತದೆ. ಭದ್ರಾವತಿಯವರೆಗೆ ನಿತ್ಯ ಹೋಗಿಬರುವವರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಕಾಡುದಾರಿಗೆ ಮಾತ್ರ ಇದು ಹೇಳಿ ಮಾಡಿಸಿದಂತಿದೆ. ಗೇರು ಬದಲಿಸುವ ಡಿರೇಲರ್‌ನೊಳಗಿನ ಕ್ಲಚ್ಚು ಚೈನನ್ನು ಬಿಗಿಯಾಗಿ ಎಳೆದು ಹಿಡಿದಿರುವುದರಿಂದ ಬೇರು, ಕಲ್ಲುಗಳ ಮೇಲೆ ಹಾರುವಾಗ ಚೈನು ಫ್ರೇಮಿಗೆ ಬಡಿಯುವುದಿಲ್ಲ. ಇಡೀ ಮಳೆಗಾಲದಲ್ಲಿ ಒಮ್ಮೆಯೂ ಕಳಚಲಿಲ್ಲ. ಮುಂದಿನ ಡಿರೇಲರ್ ಇಲ್ಲದ್ದರಿಂದ ಅಲ್ಲಿ ತರಗೆಲೆ, ಕೆಸರು ಕೂರುವ ಕಾಟವೂ ತಪ್ಪಿತು.

ಹ್ಯಾಂಡಲ್ 780 ಮಿ.ಮೀ. ಅಗಲವಿತ್ತು, 740ಕ್ಕೆ ಕತ್ತರಿಸಿಕೊಟ್ಟರು. ತೋಟದ ದಣಪೆ ದಾಟುವಾಗ ಈಗಲೂ ಓರೆ ಮಾಡಬೇಕು, ಆದರೆ ಜಾರುವ ದಾರಿಯಲ್ಲಿ ಹಿಡಿತ ಬಹಳ ಚೆನ್ನಾಗಿದೆ.

ಕೆಲಸಗಾರಿಕೆಯ ಮಾತು ಉಳಿಯಿತು. ಎಂಟು ದಿನ ಎಂದವರು ಹತ್ತೊಂಬತ್ತು ದಿನ ತೆಗೆದುಕೊಂಡರು. ಬಿಲ್ಲು ಕೊಡಲಿಲ್ಲ. ಗೇರಿನ ಕೇಬಲ್ ಹೆಡ್‌ಟ್ಯೂಬಿಗೆ ಉಜ್ಜಿ ಬಣ್ಣ ಕಿತ್ತುಬಂದದ್ದು ತಿಂಗಳ ನಂತರ ನನ್ನ ಕಣ್ಣಿಗೆ ಬಿತ್ತು. ಒಂದು ತುಂಡು ಟೇಪು ಅಂಟಿಸಿದ್ದರೆ ತಪ್ಪುತ್ತಿತ್ತು. ಇಷ್ಟನ್ನೂ ಹೇಳಿದ ಮೇಲೆ, ಅವರು ಹಿಂದಿನ ಚಕ್ರದ ಹಬ್ಬನ್ನು ಬಿಚ್ಚಿದ ದಿನವನ್ನು ನಾನು ಮರೆಯಲಾರೆ. ಹೇಳದಿದ್ದರೂ ಅವರೇ ಬಿಚ್ಚಿದರು. ಒಂದು ಬದಿಗೆ 9ರಂತೆ 18 ಬೇರಿಂಗ್ ಗುಂಡುಗಳನ್ನು ಸೀಮೆಎಣ್ಣೆ ತುಂಬಿದ ಸ್ಟೀಲ್ ಮುಚ್ಚಳದಲ್ಲಿ ತೊಳೆದು, ಒಂದೊಂದನ್ನೂ ಗಾಜಿನ ಚೂರಿನ ಮೇಲೆ ಉರುಳಿಸಿ ನೋಡಿದರು. ತಡವರಿಸಿ ನಿಂತ ನಾಲ್ಕನ್ನು ಬೆಳಕಿಗೆ ಹಿಡಿದು, ಮೈಮೇಲಿನ ಸೂಜಿಮೊನೆಯಷ್ಟು ಗುಳಿಗಳನ್ನು ನನಗೆ ತೋರಿಸಿ, ನಾಲ್ಕನ್ನಷ್ಟೇ ಬದಲಾಯಿಸಿದರೆ ಸಮವಾಗಿ ಭಾರ ಹೊರುವುದಿಲ್ಲವೆಂದು ಹದಿನೆಂಟನ್ನೂ ಹೊಸದಾಗಿ ಹಾಕಿ ಗ್ರೀಸು ತುಂಬಿದರು. ಮಳೆಗಾಲ ಮುಗಿದ ಮೇಲೆ ಮತ್ತೆ ಬಿಚ್ಚಿದಾಗ ಆ ಗ್ರೀಸು ಬಣ್ಣ ಕೂಡ ಬದಲಾಯಿಸಿರಲಿಲ್ಲ. ಅಂದಿನ ಕೂಲಿಯೂ ಸೇರಿ ಒಟ್ಟು ಕೆಲಸಕ್ಕೆ ಅವರು ಪಡೆದದ್ದು 2,000 ರೂಪಾಯಿ. ಭಾಗಗಳಿಗೆ ತಗುಲಿದ್ದು 24,100. ಅದರಲ್ಲಿ ಟೈರು ಮತ್ತು ಬ್ರೇಕಿನ ಪಾಲು 10,000. ಹಣ ಕಡಿಮೆಯಿದ್ದವರು ಈ 10,000ದಲ್ಲಿಯೇ ನಿಲ್ಲಿಸಬಹುದು. ಸೈಕಲ್ಲಿನಲ್ಲಿ ಕಂಡ ಸುಧಾರಣೆಯ ಬಹುಪಾಲು ಬಂದದ್ದು ಅಲ್ಲಿಂದಲೇ.

ದಾರಿಯ ಬಗ್ಗೆ ಒಂದು ಮಾತು. ಸೈಕಲ್ ಸಿದ್ಧವಾಯಿತೆಂದು ಶೆಟ್ಟಿಹಳ್ಳಿ ಅಭಯಾರಣ್ಯದ ಒಳದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ನುಗ್ಗಬಾರದು. ನಾನು ಓಡಿಸಿದ ಮಣ್ಣುದಾರಿಗಳೆಲ್ಲ ನಮ್ಮೂರಿನ ಸೊಪ್ಪಿನಬೆಟ್ಟದ, ತೋಟದ ಬದಿಯ ದಾರಿಗಳು; ಟೈರು, ಬ್ರೇಕುಗಳ ಪರೀಕ್ಷೆಗೆ ಅವೇ ಧಾರಾಳವಾಗಿ ಸಾಕು.

ಬಣ್ಣದ ಕೆಲಸವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಸಾಗರದ ಆ ತಾಯಿಯವರನ್ನು ಕೇಳಿದಾಗ, ಕೊಳವೆಯ ಮೇಲೆ ಗೋಡೆಯಷ್ಟು ಜಾಗ ಸಿಗುವುದಿಲ್ಲ, ಎಳೆ ತುಂಡಾಗದಂತೆ ಸುತ್ತಿ ಬರಬೇಕಾದರೆ ಕೇಬಲ್ಲು, ನಟ್ಟುಗಳನ್ನೆಲ್ಲ ಬಿಚ್ಚಿ ಬರಿಯ ಫ್ರೇಮನ್ನು ತಂದುಕೊಡಿ ಎಂದರು. ದಸರಾ ರಜೆಯಲ್ಲಿ ಬಿಚ್ಚಿಕೊಡಲು ಮೆಕ್ಯಾನಿಕ್ ಒಪ್ಪಿದ್ದಾರೆ. ಮತ್ತೆ ಜೋಡಿಸುವಾಗ ಮೆಟಲ್ ಪ್ಯಾಡು ತಾಳುವ ಡಿಸ್ಕುಗಳನ್ನು ಹಾಕಿಸುವುದೆಂದೂ, ಚಿತ್ತಾರದ ಮೇಲೆ ಕೇಬಲ್ ಉಜ್ಜದಂತೆ ಹೊದಿಕೆಗೆ ರಬ್ಬರ್ ಕೊಳವೆ ತೊಡಿಸುವುದೆಂದೂ ಮಾತಾಗಿದೆ.