ಡೇಟಾಬೇಸ್ ಕೋಡ್‌ನಲ್ಲಿ ಪಾಯಿಂಟರ್ ದೋಷ ಹಿಡಿಯಲು ವ್ಯಾಲ್‌ಗ್ರಿಂಡ್: ವರ್ಷಗಟ್ಟಲೆ ಬಳಸಿದ ಮೇಲೆ

ಸಿ ಭಾಷೆಯಲ್ಲಿ ಡೇಟಾಬೇಸ್ ಕೋಡ್ ಬರೆಯುವವರ ಬಳಿ, ಪ್ರೋಗ್ರಾಂ ಓಡುವಾಗ ಮೆಮೊರಿ ತಪ್ಪುಗಳನ್ನು ಹಿಡಿಯುವ ವ್ಯಾಲ್‌ಗ್ರಿಂಡ್ ಇರಲೇಬೇಕು. ಎಸ್‌ಕ್ಯೂಲೈಟ್ ಮತ್ತು ಪೋಸ್ಟ್‌ಗ್ರೆಸ್ ಎಂಬ ಎರಡು ಡೇಟಾಬೇಸ್‌ಗಳ ಜೊತೆಗೂ ಇದನ್ನು ವರ್ಷಗಳಿಂದ ಬಳಸುತ್ತಿದ್ದೇನೆ. ಜೂಲಿಯನ್ ಸೀವರ್ಡ್ 2002ರಲ್ಲಿ ಹೊರತಂದ ಈ ಉಚಿತ ಟೂಲ್ ಬಗ್ಗೆ ನನಗೆ ಬಹಳ ಗೌರವ ಇದೆ. ಆದರೆ ಇದು ಯಾವ ತಪ್ಪನ್ನು ಹಿಡಿಯುತ್ತದೆ, ಯಾವುದರ ಎದುರು ಸುಮ್ಮನಿರುತ್ತದೆ ಅನ್ನುವುದು ಗೊತ್ತಿರಬೇಕು. ಇಲ್ಲದಿದ್ದರೆ ಸುಳ್ಳು ಧೈರ್ಯ ಬಂದುಬಿಡುತ್ತದೆ.

ಡೇಟಾಬೇಸ್ ಕೋಡ್‌ನಲ್ಲಿ ಪಾಯಿಂಟರ್ (ಮೆಮೊರಿಯ ವಿಳಾಸ) ನಮ್ಮ ಕೈಯಲ್ಲಿರುತ್ತದೆ, ಅದು ತೋರಿಸುವ ಮೆಮೊರಿ ಮಾತ್ರ ಲೈಬ್ರರಿಯದ್ದು. ಹೆಚ್ಚಿನ ತೊಂದರೆ ಶುರುವಾಗುವುದೇ ಇಲ್ಲಿ. ಪೋಸ್ಟ್‌ಗ್ರೆಸ್‌ನ ಸಿ ಲೈಬ್ರರಿ ಲಿಬ್‌ಪಿಕ್ಯೂ ನೋಡಿ. ಪಿಕ್ಯೂ‌ಗೆಟ್‌ವ್ಯಾಲ್ಯೂ ಫಂಕ್ಷನ್ ಕೊಡುವ ಪಾಯಿಂಟರ್ ಕ್ವೆರಿಯ ರಿಸಲ್ಟ್ ಒಳಗಿನ ಜಾಗವನ್ನೇ ತೋರಿಸುತ್ತದೆ. ರಿಸಲ್ಟ್‌ನ ಮೆಮೊರಿಯನ್ನು ಫ್ರೀ ಮಾಡುವ (ವಾಪಸ್ ಕೊಡುವ) ಪಿಕ್ಯೂಕ್ಲಿಯರ್ ಕರೆದ ಮೇಲೆ ಅದನ್ನು ಮುಟ್ಟುವಂತಿಲ್ಲ. ಮುಟ್ಟಿದರೂ ಎಷ್ಟೋ ಸಲ ಹಳೇ ಅಕ್ಷರಗಳೇ ಅಲ್ಲಿ ಉಳಿದಿರುತ್ತವೆ. ಟೆಸ್ಟ್ ಪಾಸ್ ಆಗುತ್ತದೆ, ಗ್ರಾಹಕರ ಸರ್ವರ್‌ನಲ್ಲಿ ಕ್ರ್ಯಾಶ್ ಆಗುತ್ತದೆ. ಬಾಡಿಗೆ ಮನೆ ಖಾಲಿ ಮಾಡಿದ ಮೇಲೂ ಹಳೇ ವಿಳಾಸಕ್ಕೆ ಕಾಗದ ಹಾಕುತ್ತಾ ಹೋದ ಹಾಗೆ.

ವ್ಯಾಲ್‌ಗ್ರಿಂಡ್ ಇದನ್ನು ಮೊದಲ ಓಟದಲ್ಲೇ ಹಿಡಿಯುತ್ತದೆ. 'ಇನ್‌ವ್ಯಾಲಿಡ್ ರೀಡ್' ಎಂಬ ಸಾಲಿನ ಕೆಳಗೆ ಮೂರು ವಿಷಯ ಬರುತ್ತವೆ: ಯಾವ ಸಾಲಿನಲ್ಲಿ ಓದಿದ್ದು, ಆ ಮೆಮೊರಿಯನ್ನು ಫ್ರೀ ಮಾಡಿದ್ದು ಎಲ್ಲಿ, ಮೊದಲು ಪಡೆದದ್ದು ಎಲ್ಲಿ. ನನಗೆ ಅತಿ ಹೆಚ್ಚು ಉಪಯೋಗವಾಗುವುದು ಎರಡನೆಯದು. ಜಿಡಿಬಿ ಎಂಬ ಡಿಬಗರ್ ಕ್ರ್ಯಾಶ್ ಆದ ಜಾಗ ತೋರಿಸುತ್ತದೆ, ತಪ್ಪು ನಡೆದದ್ದು ಬೇರೆ ಕಡೆ ಇರುತ್ತದೆ, ಅಲ್ವಾ? ಕೋಡನ್ನು ಡಿಬಗ್ ಮಾಹಿತಿ ಸೇರಿಸುವ '-ಜಿ' ಹಾಕಿ ಕಂಪೈಲ್ ಮಾಡಿ, ಆಪ್ಟಿಮೈಸೇಶನ್ ಆಫ್ ಇಡಿ. ಆಗ ಸಾಲಿನ ನಂಬರ್ ಸರಿಯಾಗಿ ಸಿಗುತ್ತದೆ. ಬೆಲೆ ತುಂಬದ ವೇರಿಯಬಲ್ ಬಗ್ಗೆ ದೂರು ಬಂದರೆ 'ಟ್ರ್ಯಾಕ್ ಒರಿಜಿನ್ಸ್' ಆಯ್ಕೆ ಆನ್ ಮಾಡಿ. ಇನ್ನೂ ನಿಧಾನವಾಗುತ್ತದೆ, ಆದರೆ ಮೂಲ ಸಿಗುತ್ತದೆ.

ಎಸ್‌ಕ್ಯೂಲೈಟ್ ವಿಷಯದಲ್ಲಿ ಕಥೆ ಬೇರೆ. ಕಾಲಮ್‌ನ ಪಠ್ಯ ಓದುವ ಕಾಲಮ್_ಟೆಕ್ಸ್ಟ್ ಫಂಕ್ಷನ್ ಕೊಟ್ಟ ಪಾಯಿಂಟರ್ ಮುಂದಿನ ಸ್ಟೆಪ್ (ಮುಂದಿನ ಸಾಲಿಗೆ ಹೋಗುವುದು), ರೀಸೆಟ್ ಅಥವಾ ಫೈನಲೈಸ್ ತನಕ ಮಾತ್ರ ಸರಿ. ಅದೇ ಕಾಲಮ್ ಅನ್ನು ಬೇರೆ ಟೈಪ್ ಆಗಿ ಕೇಳಿದರೂ ಕೆಡಬಹುದು. ಪಾಯಿಂಟರ್‌ಗಳನ್ನೇ ಅರೇಯಲ್ಲಿ ಕೂಡಿಟ್ಟರೆ ಕೆಲವೊಮ್ಮೆ ಪಟ್ಟಿಯಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ. ಹಳೇ ಜಾಗದಲ್ಲೇ ಮುಂದಿನ ಸಾಲಿನ ಡೇಟಾ ಬಂದು ಕೂತಿರುತ್ತದೆ. ಮೆಮೊರಿ ಫ್ರೀ ಆಗಿಲ್ಲ, ಹಾಗಾಗಿ ವ್ಯಾಲ್‌ಗ್ರಿಂಡ್ ಏನೂ ಹೇಳುವುದಿಲ್ಲ. ಸ್ಟೆಪ್ ಮಾಡುವ ಮುಂಚೆ ಎಸ್‌ಟಿಆರ್‌ಡಪ್‌ನಿಂದ ಕಾಪಿ ಮಾಡಿಟ್ಟುಕೊಳ್ಳುವುದೇ ದಾರಿ. ಕಾಲಮ್‌ನಲ್ಲಿ ನಲ್ ಇದ್ದರೆ ಬರುವುದೂ ನಲ್ ಪಾಯಿಂಟರ್, ಅದನ್ನು ಮೊದಲೇ ನೋಡಿಕೊಳ್ಳಿ. ಲಿಬ್‌ಪಿಕ್ಯೂ ಮಾತ್ರ ಖಾಲಿ ಸ್ಟ್ರಿಂಗ್ ಕೊಡುತ್ತದೆ, ಅಲ್ಲಿ ಪಿಕ್ಯೂ‌ಗೆಟ್‌ಈಸ್‌ನಲ್ ಕೇಳಬೇಕು.

ಇನ್ನೊಂದು ಮುಖ್ಯ ವಿಷಯ ಲುಕ್‌ಅಸೈಡ್. ಎಸ್‌ಕ್ಯೂಲೈಟ್ ಪ್ರತಿ ಕನೆಕ್ಷನ್‌ಗೂ ಒಂದಿಷ್ಟು ಮೆಮೊರಿ ಒಟ್ಟಿಗೆ ಪಡೆದು, ಚಿಕ್ಕ ಚಿಕ್ಕ ತುಂಡುಗಳನ್ನು ತಾನೇ ಹಂಚುತ್ತದೆ. ಒಳಗೆ ಯಾವ ತುಂಡು ವಾಪಸ್ ಹೋಯಿತು ಅನ್ನುವುದು ವ್ಯಾಲ್‌ಗ್ರಿಂಡ್‌ಗೆ ಕಾಣುವುದಿಲ್ಲ. ಟೆಸ್ಟ್ ಬಿಲ್ಡ್‌ನಲ್ಲಿ ಲುಕ್‌ಅಸೈಡ್ ಆಫ್ ಮಾಡಿದರೆ ಅಡಗಿದ್ದ ತಪ್ಪುಗಳು ಎಷ್ಟೋ ಹೊರಗೆ ಬರುತ್ತವೆ. ಪೋಸ್ಟ್‌ಗ್ರೆಸ್ ಎಕ್ಸ್‌ಟೆನ್ಶನ್ ಬರೆಯುವವರಿಗೂ ಅದರದ್ದೇ ಮೆಮೊರಿ ಹಂಚುವ ಫಂಕ್ಷನ್ ಪ್ಯಾಲಕ್‌ನಿಂದ ಇದೇ ತೊಡಕು. ಅದಕ್ಕೇ ಯೂಸ್_ವ್ಯಾಲ್‌ಗ್ರಿಂಡ್ ಎಂಬ ಮ್ಯಾಕ್ರೋ ಪೋಸ್ಟ್‌ಗ್ರೆಸ್ ಸೋರ್ಸ್‌ನಲ್ಲೇ ಇದೆ, ಬೇಡದ ದೂರುಗಳನ್ನು ಮುಚ್ಚಿಡುವ ಸಪ್ರೆಶನ್ ಫೈಲ್ ಕೂಡ ಜೊತೆಗೇ ಬರುತ್ತದೆ. ಈ ಅನುಕೂಲ ನನಗೆ ತುಂಬಾ ಇಷ್ಟ.

ನನಗೆ ಜಾಸ್ತಿ ಭಯ ಹುಟ್ಟಿಸುವುದು ಎಸ್‌ಕ್ಯೂಲೈಟ್ ಕ್ವೆರಿಗೆ ಪಠ್ಯ ಸೇರಿಸುವ ಬೈಂಡ್_ಟೆಕ್ಸ್ಟ್. ಕೊನೆಯ ಆರ್ಗ್ಯುಮೆಂಟ್ ಎಸ್‌ಕ್ಯೂಲೈಟ್_ಸ್ಟ್ಯಾಟಿಕ್ ಆದರೆ ಅದು ಕಾಪಿ ಮಾಡಿಕೊಳ್ಳುವುದಿಲ್ಲ. ಫಂಕ್ಷನ್‌ನ ಲೋಕಲ್ ಬಫರ್ ಕೊಟ್ಟು, ಹೊರಗೆ ಬಂದ ಮೇಲೆ ಸ್ಟೆಪ್ ಮಾಡಿದರೆ ಟೇಬಲ್‌ಗೆ ಕಸ ಸೇರಬಹುದು. ಕ್ರ್ಯಾಶ್ ಇಲ್ಲ, ಎರರ್ ಇಲ್ಲ, ಡೇಟಾ ಹಾಳು. ಎಸ್‌ಕ್ಯೂಲೈಟ್_ಟ್ರಾನ್ಸಿಯೆಂಟ್ ಕೊಟ್ಟರೆ ಎಸ್‌ಕ್ಯೂಲೈಟ್ ತಾನೇ ಕಾಪಿ ಮಾಡಿ ಇಟ್ಟುಕೊಳ್ಳುತ್ತದೆ. ಸ್ಟ್ಯಾಕ್ (ಲೋಕಲ್ ವೇರಿಯಬಲ್‌ಗಳ ಮೆಮೊರಿ) ಮೇಲಿನ ಇಂಥ ತಪ್ಪುಗಳಲ್ಲಿ ವ್ಯಾಲ್‌ಗ್ರಿಂಡ್ ದುರ್ಬಲ, ಲೋಕಲ್ ಅರೇಯ ಗಡಿ ದಾಟಿದರೂ ಅದು ಹಿಡಿಯುವುದಿಲ್ಲ. ಅಲ್ಲಿ ಕಂಪೈಲರ್ ಜೊತೆಗೇ ಬರುವ ಅಡ್ರೆಸ್ ಸ್ಯಾನಿಟೈಸರ್ ಮೇಲು. ಜಿಸಿಸಿ ಕಂಪೈಲರ್‌ನಲ್ಲಿ 4.8ರಿಂದಲೇ ಇದೆ, ಓಡುವಾಗ ಸುಮಾರು ಎರಡು ಪಟ್ಟು ಮಾತ್ರ ನಿಧಾನ. ಆದರೆ ಕೋಡ್ ಮತ್ತೆ ಕಂಪೈಲ್ ಮಾಡಬೇಕು, ಬೆಲೆ ತುಂಬದ ಮೆಮೊರಿಯನ್ನು ಅದು ನೋಡುವುದಿಲ್ಲ. ಎರಡನ್ನೂ ಒಂದೇ ಓಟದಲ್ಲಿ ಸೇರಿಸಬೇಡಿ, ಹೊಂದುವುದಿಲ್ಲ.

ವ್ಯಾಲ್‌ಗ್ರಿಂಡ್‌ನ ದೊಡ್ಡ ಕೊರತೆ ವೇಗ. 20ರಿಂದ 30 ಪಟ್ಟು ನಿಧಾನ ಎಂದು ಅದರ ಕೈಪಿಡಿಯೇ ಹೇಳುತ್ತದೆ. ದೊಡ್ಡ ಟೇಬಲ್ ಇಟ್ಟುಕೊಂಡು ಓಡಿಸುವುದು ಸುಮ್ನೆ ಹಿಂಸೆ. ಕೆಲವೇ ಸಾಲುಗಳಿರುವ, ನಲ್ ಮತ್ತು ಉದ್ದ ಪಠ್ಯ ಬೆರೆತಿರುವ ಚಿಕ್ಕ ಟೆಸ್ಟ್ ಡೇಟಾಬೇಸ್ ಸಾಕು. ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ, ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಬೇಕು. ರಾತ್ರಿ ಬಿಲ್ಡ್‌ನಲ್ಲಿ 'ಎರರ್ ಎಕ್ಸಿಟ್‌ಕೋಡ್' ಆಯ್ಕೆಗೆ 1 ಕೊಟ್ಟಿಟ್ಟಿದ್ದೇನೆ. ಒಂದೇ ಒಂದು ದೂರು ಬಂದರೂ ಬಿಲ್ಡ್ ಅಲ್ಲೇ ನಿಲ್ಲುತ್ತದೆ.