ಸೈಟ್ ಜಾಹೀರಾತಿನ ಸ್ಟ್ರೀಟ್ ವ್ಯೂ ಲಿಂಕ್: ಮೊದಲು ತಿಂಗಳು ನೋಡಿ

ಕುಮಟಾ, ಅಂಕೋಲಾ, ಕಾರವಾರ ಕಡೆ ಸೈಟ್ ಮಾರುವವರು ಈಗ ವಾಟ್ಸಾಪ್‌ನಲ್ಲಿ ಫೋಟೋ ಜೊತೆ ಗೂಗಲ್ ಸ್ಟ್ರೀಟ್ ವ್ಯೂ (ಗೂಗಲ್ ಮ್ಯಾಪ್‌ನಲ್ಲಿ ರಸ್ತೆ ಮೇಲಿಂದ ಸುತ್ತಲೂ ತೋರಿಸುವ ಚಿತ್ರ) ಲಿಂಕ್ ಕೂಡ ಕಳಿಸುತ್ತಾರೆ. ಮುಂಬೈಯಲ್ಲಿರುವ ನಮ್ಮ ಭಾವನಿಗೆ ಊರ ಕಡೆ ಜಾಗ ಬೇಕಿತ್ತು, ಇಂಥ ಲಿಂಕ್ ಎಲ್ಲ ಕೂತು ನೋಡುವ ಕೆಲಸ ನನ್ನ ಪಾಲಿಗೆ ಬಂತು. ದೂರದಲ್ಲಿರುವವರಿಗೆ ಇದು ನಿಜಕ್ಕೂ ಉಪಯೋಗದ್ದು. ಚಿತ್ರಕ್ಕೆ ಐದಕ್ಕೆ ನಾಲ್ಕು ಕೊಡುತ್ತೇನೆ. ಅದನ್ನಿಟ್ಟುಕೊಂಡು ಸೈಟ್ ಮಾರುವ ರೀತಿಗೆ ಎರಡೇ.

ಬ್ರೋಕರ್ ತೆಗೆದ ಫೋಟೋದಲ್ಲಿ ಅವರಿಗೆ ತೋರಿಸಬೇಕಾದ ಬದಿ ಮಾತ್ರ ಇರುತ್ತದೆ. ಇಲ್ಲಿ ನಾವೇ ತಿರುಗಿಸಿ ನೋಡಬಹುದು: ಎದುರಿಗೆ ಏನಿದೆ, ಕರೆಂಟ್ ತಂತಿ ಎಲ್ಲಿ ಹಾದಿದೆ, ಲಾರಿ ಬರುವಷ್ಟು ರಸ್ತೆ ಇದೆಯಾ, ಹೆದ್ದಾರಿಗಿಂತ ಜಾಗ ಎಷ್ಟು ತಗ್ಗಿನಲ್ಲಿದೆ. ನಮ್ಮ ಕಡೆ ಮಳೆಗೆ ಈ ಕೊನೆಯದ್ದು ತುಂಬಾ ಮುಖ್ಯ.

ಆದರೆ ಚಿತ್ರದ ಮೂಲೆಯಲ್ಲಿ ಸಣ್ಣಕ್ಕೆ ತಿಂಗಳು, ವರ್ಷ ಬರೆದಿರುತ್ತದಲ್ಲ, ಅದನ್ನು ಯಾರೂ ಹೇಳುವುದಿಲ್ಲ. ಅಘನಾಶಿನಿ ಹತ್ತಿರದ ಒಂದು ಜಾಗ ಬೇಸಿಗೆಯ ಚಿತ್ರದಲ್ಲಿ ಒಣಗಿ ಚೆನ್ನಾಗಿ ಸಮತಟ್ಟಾಗಿ ಕಂಡಿತು. ಮಳೆಗಾಲದ್ದು ಏನಾದರೂ ಇದೆಯಾ ಅಂತ ಕೇಳಿದರೆ ಬ್ರೋಕರ್ ಅದೇ ಲಿಂಕನ್ನು ಮತ್ತೆ ಕಳಿಸಿದರು. ಜುಲೈಯಲ್ಲಿ ಹೋಗಿ ನೋಡಿದೆ, ಮೊಣಕಾಲುದ್ದ ನೀರು. ಅದು ಗಜನಿಯ ಅಂಚು, ಕಗ್ಗ ಭತ್ತ ಬೆಳೆಯುವ ಉಪ್ಪುನೀರಿನ ಗದ್ದೆಗೆ ತಾಗಿದ ಜಾಗ. ಇದನ್ನು ಬಾಯಿಬಿಟ್ಟು ಹೇಳದೆ ಸುಮ್ನೆ ಲಿಂಕ್ ಕಳಿಸೋದು ತಪ್ಪು, ಅಲ್ವಾ?

2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಜರಿಯಿತು. ಆಗಸ್ಟ್ 7ಕ್ಕೆ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಅದಕ್ಕೂ ಹಿಂದಿನ ಚಿತ್ರ ನೋಡಿದವರಿಗೆ ಇದೇನೂ ಗೊತ್ತಾಗುವುದಿಲ್ಲ. ಹಳೇದು, ಹೊಸದು ಪಕ್ಕಪಕ್ಕ ಇಟ್ಟು ನೋಡೋಣ ಅಂದರೆ ಅದಕ್ಕೂ ಅವಕಾಶ ಕಡಿಮೆ. ದೇಶದಲ್ಲಿ ಈ ಸೇವೆ ಮತ್ತೆ ಶುರುವಾಗಿದ್ದೇ 2022ರ ಜುಲೈಯಲ್ಲಿ, ಅದೂ ಬೆಂಗಳೂರು ಸೇರಿ ಹತ್ತು ನಗರಗಳಲ್ಲಿ.

ಇನ್ನೊಂದು, ಲಿಂಕ್ ತೆರೆಯುವುದು ಕ್ಯಾಮೆರಾ ಕಾರು ಹೋದ ರಸ್ತೆಯಲ್ಲಿ. ಸೈಟ್ ಮಾತ್ರ ರಸ್ತೆಯಿಂದ ಒಳಗೆ, ತೋಟ ದಾಟಿ ಎಲ್ಲೋ ಇರಬಹುದು. ಅದಕ್ಕೇ ಸರ್ವೆ ನಂಬರ್ ಕೇಳಿ, ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಜಾಗದ ಮೇಲೆ ನಿಂತು ತಾಳೆ ನೋಡಿ. ಸಮುದ್ರದ ಬದಿಯಾದರೆ ಸಿಆರ್‌ಝಡ್ (ಕಟ್ಟಡ ಕಟ್ಟಲು ನಿರ್ಬಂಧ ಇರುವ ಕರಾವಳಿ ವಲಯ) ವಿಚಾರಿಸಿ. ಶಿರಸಿ ಕಡೆಯಾದರೆ ಸೊಪ್ಪಿನ ಬೆಟ್ಟವೋ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಕಾಡು) ಮಾಲ್ಕಿ (ಸ್ವಂತ ಹಕ್ಕಿನ) ಜಾಗವೋ ಅಂತ ಮೊದಲೇ ಕೇಳಿಬಿಡಿ, ಹಸಿರಾಗಿ ಎರಡೂ ಒಂದೇ ಥರ ಕಾಣುತ್ತವೆ.

ಶಿರಸಿಯ ಒಬ್ಬ ಬ್ರೋಕರ್ ಮಾತ್ರ ಲಿಂಕ್ ಜೊತೆ ಚಿತ್ರದ ತಿಂಗಳು, ಸರ್ವೆ ನಂಬರ್, ಜೋರು ಮಳೆಯಲ್ಲಿ ತೆಗೆದ ವಿಡಿಯೋ ಎಲ್ಲ ಕೇಳುವ ಮೊದಲೇ ಕಳಿಸಿದರು. ಬಾವಿ ಬೇಸಿಗೆಯಲ್ಲಿ ಬತ್ತುತ್ತದೆ ಅಂತಲೂ ಹೇಳಿದರು. ಭಾವ ಈಗ ಆ ಜಾಗದ ಪಹಣಿಯನ್ನು ವಕೀಲರಿಗೆ ತೋರಿಸುತ್ತಿದ್ದಾರೆ.