30 ಕ್ವಾರ್ಟಿನ ಟರ್ಕಿ ಫ್ರೈಯರ್: ಪಾತ್ರೆ ಗಟ್ಟಿ, ಥರ್ಮಾಮೀಟರ್ ನಂಬಬೇಡಿ

ಹೋದ ವರ್ಷ ಥ್ಯಾಂಕ್ಸ್‌ಗಿವಿಂಗ್‌ಗೆ (ನವೆಂಬರಿನ ನಾಲ್ಕನೇ ಗುರುವಾರ ಬರುವ ಅಮೆರಿಕದ ಹಬ್ಬ) ಇಡೀ ಟರ್ಕಿ ಕೋಳಿಯನ್ನು ಎಣ್ಣೆಯಲ್ಲಿ ಕರಿಯಬೇಕು ಅಂತ ಈ ಸೆಟ್ ಕೊಂಡೆ. ನಾವಿರುವುದು ಹ್ಯೂಸ್ಟನ್ ಹತ್ತಿರ. ಹೀಗೆ ಕರಿಯುವುದು ಪಕ್ಕದ ಲೂಸಿಯಾನ ರಾಜ್ಯದಲ್ಲಿರುವ ಫ್ರೆಂಚ್ ಮೂಲದ ಕೇಜನ್ ಜನರ ರೂಢಿ, ನಮ್ಮ ಬೀದಿಯಲ್ಲೂ ಪ್ರತಿ ನವೆಂಬರಿನಲ್ಲಿ ಎರಡು ಮೂರು ಮನೆಯ ಹಿತ್ತಲಿಂದ ಆ ವಾಸನೆ ಬರುತ್ತದೆ. ಓವನ್ನಿನಲ್ಲಿ ಬೇಯಿಸಿದ ಟರ್ಕಿ ನಮ್ಮ ಮನೆಯಲ್ಲಿ ಯಾರಿಗೂ ಹಿಡಿಸಿರಲಿಲ್ಲ. ಎದೆಯ ಮಾಂಸ ಒಣಗಿ ನಾರಾಗುತ್ತಿತ್ತು. ಹಾಸನದಲ್ಲಿ ನಾಟಿ ಕೋಳಿ ಸಾರು ತಿಂದು ಬೆಳೆದ ನನಗಂತೂ ಒಂದು ತುಂಡಿಗಿಂತ ಜಾಸ್ತಿ ತಿನ್ನಲು ಆಗುತ್ತಿರಲಿಲ್ಲ.

ಸೆಟ್‌ಗೆ 110 ಡಾಲರ್ ಕೊಟ್ಟೆ. 30 ಕ್ವಾರ್ಟ್ ಅಂದರೆ ಸುಮಾರು 28 ಲೀಟರ್ ಹಿಡಿಯುವ ಅಲ್ಯೂಮಿನಿಯಂ ಪಾತ್ರೆ, ಪ್ರೊಪೇನ್ ಒಲೆ, ಕೋಳಿಯನ್ನು ನಿಲ್ಲಿಸುವ ಕಂಬಿ, ಎತ್ತುವ ಕೊಕ್ಕೆ, ಮಸಾಲೆ ಚುಚ್ಚುವ ಸಿರಿಂಜ್, ಉದ್ದನೆಯ ಥರ್ಮಾಮೀಟರ್. ಸಿಲಿಂಡರ್ ಬೇರೆ ತರಬೇಕು. ಕಂಪನಿ ಹೆಸರು ಬರೆಯುತ್ತಿಲ್ಲ. ಅಂಗಡಿಯಲ್ಲಿ ಸಿಗುವ ಇಂಥ ಸೆಟ್‌ಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು.

ಪಾತ್ರೆ ಚೆನ್ನಾಗಿದೆ. ಅಗಲ ಕಡಿಮೆ, ಎತ್ತರ ಜಾಸ್ತಿ. ಹಾಗಾಗಿ 12 ಪೌಂಡಿನ ಕೋಳಿಗೆ 3 ಗ್ಯಾಲನ್ ಕಡಲೆಕಾಯಿ ಎಣ್ಣೆ ಸಾಕಾಯಿತು. ಎಷ್ಟು ಎಣ್ಣೆ ಬೇಕು ಅಂತ ಅಂದಾಜಿನಲ್ಲಿ ಹಾಕಬೇಡಿ. ಮೊದಲು ಖಾಲಿ ಪಾತ್ರೆಯಲ್ಲಿ ಕೋಳಿ ಇಟ್ಟು, ಅದು ಮುಳುಗುವಷ್ಟು ನೀರು ಹಾಕಿ. ಕೋಳಿ ತೆಗೆದ ಮೇಲೆ ನೀರು ಎಲ್ಲಿ ನಿಂತಿದೆಯೋ ಅಲ್ಲಿಗೆ ಗುರುತು ಮಾಡಿ. ಎಣ್ಣೆ ಅಲ್ಲಿಯವರೆಗೆ ಮಾತ್ರ. ಆಮೇಲೆ ಪಾತ್ರೆಯನ್ನೂ ಕೋಳಿಯನ್ನೂ ಒಂದು ಹನಿ ನೀರು ಉಳಿಯದಂತೆ ಒರೆಸಿ. ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಕಾದ ಎಣ್ಣೆಯ ತಳದಲ್ಲಿ ಅದು ನಡೆದರೆ ಎಣ್ಣೆ ಉಕ್ಕಿ ಕೆಳಗಿನ ಉರಿಗೆ ಬೀಳುತ್ತದೆ. ಒಳಗೆ ಮಂಜುಗಡ್ಡೆ ಉಳಿದ ಕೋಳಿಯನ್ನು ಇಳಿಸಿದರೂ ಆಗುವುದು ಇದೇ. ಫ್ರಿಜ್‌ನಲ್ಲಿ ಕರಗಲು ಪ್ರತಿ 4-5 ಪೌಂಡಿಗೆ ಒಂದು ದಿನ ಬೇಕು. ನಾನು ಭಾನುವಾರವೇ ಫ್ರೀಜರ್‌ನಿಂದ ತೆಗೆದಿಟ್ಟೆ, ಗುರುವಾರಕ್ಕೆ ಸರಿಹೋಯಿತು. ಹೊಟ್ಟೆಯೊಳಗೆ ಕತ್ತು, ಈಲಿ ತುಂಬಿದ ಚೀಲ ಇರುತ್ತದೆ. ಅದನ್ನು ಮರೆಯದೆ ತೆಗೆಯಿರಿ.

ಈಗ ಥರ್ಮಾಮೀಟರ್ ವಿಷಯಕ್ಕೆ ಬರುತ್ತೇನೆ. ಈ ವಿಮರ್ಶೆ ಬರೆಯಲು ಕೂತದ್ದೇ ಅದಕ್ಕೆ.

ಎಣ್ಣೆ 350 ಡಿಗ್ರಿ ಫ್ಯಾರನ್‌ಹೀಟ್‌ಗೆ ಬರಬೇಕು. ಮುಳ್ಳು 320ರಲ್ಲಿ ಇತ್ತು. ಇನ್ನೂ ಸ್ವಲ್ಪ ಕಾಯಲಿ ಅಂತ ನಿಂತಿದ್ದೆ. ಅಮ್ಮ ಆಗ ನಮ್ಮ ಜೊತೆಗಿದ್ದರು. ಬೋಂಡಕ್ಕೆ ಕಲಸಿದ್ದ ಹಿಟ್ಟಿನಲ್ಲಿ ಒಂದು ಚೂರು ತಂದು ಎಣ್ಣೆಗೆ ಹಾಕಿದರು. ಅದು ಬಿದ್ದ ಕೂಡಲೇ ಮೇಲೆದ್ದು, ನೋಡನೋಡುತ್ತಿದ್ದಂತೆ ಕಂದಾಯಿತು. "ಎಣ್ಣೆ ಜಾಸ್ತಿ ಕಾದೋಗಿದೆ ಕಣೇ, ಮೊದ್ಲು ಉರಿ ಆರ್ಸು" ಅಂದರು. ಆರಿಸಿದೆ. ಓವನ್ನಿಗೆ ಬಳಸುವ, ತಂತಿ ಇರುವ ಡಿಜಿಟಲ್ ಥರ್ಮಾಮೀಟರ್ ತಂದು ಇಳಿಬಿಟ್ಟೆ. 390! ಆ ಮುಳ್ಳನ್ನೇ ನಂಬಿ 350 ಬರಲಿ ಅಂತ ಕಾದಿದ್ದರೆ ಎಣ್ಣೆ 420 ದಾಟುತ್ತಿತ್ತು. ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆ ಹೊಗೆಯಾಡುವುದು 450ರ ಆಸುಪಾಸಿನಲ್ಲಿ. ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ. ಅಂಗಳದಲ್ಲಿ ಐದು ಮಕ್ಕಳಿದ್ದರು.

ಮರುದಿನ ಆ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಇಟ್ಟು ನೋಡಿದೆ. 212 ತೋರಿಸಬೇಕಾದದ್ದು 170ಕ್ಕೇ ನಿಂತಿತ್ತು. ಈ ಪರೀಕ್ಷೆಯನ್ನು ನಾನು ಒಂದು ದಿನ ಮುಂಚೆಯೇ ಮಾಡಬೇಕಿತ್ತು. ನೀವು ಮಾಡಿ. ಐದು ನಿಮಿಷದ ಕೆಲಸ.

ಒಲೆಯ ಉರಿ ಜೋರಾಗಿದೆ, ಅರ್ಧ ಗಂಟೆಯೊಳಗೆ ಎಣ್ಣೆ ಕಾಯಿತು. ಆದರೆ ಅದರಲ್ಲಿ ಒಂದು ಟೈಮರ್ ಇದೆ. 15 ನಿಮಿಷಕ್ಕೊಮ್ಮೆ ತಿರುಗಿಸದಿದ್ದರೆ ಗ್ಯಾಸ್ ತಾನೇ ನಿಲ್ಲುತ್ತದೆ. ಇದು ದೊಡ್ಡ ಕಿರಿಕಿರಿ ಅಂತ ತುಂಬಾ ಜನ ದೂರುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಒಲೆ ಬಿಟ್ಟು ಒಳಗೆ ಹೋಗಿ ಮಾತಿಗೆ ಕೂರಲು ಅದು ಬಿಡುವುದಿಲ್ಲ, ಅದೇ ಒಳ್ಳೆಯದಲ್ವಾ? ಎತ್ತುವ ಕೊಕ್ಕೆಯ ಹಿಡಿ ಮಾತ್ರ ತೀರಾ ಗಿಡ್ಡ. ನಮ್ಮನೆಯವರು ಮೊಣಕೈವರೆಗೆ ಬರುವ ಚರ್ಮದ ಕೈಗವಸು ಹಾಕಿಕೊಂಡು, ಉರಿ ಪೂರ್ತಿ ಆರಿಸಿ, ನಿಧಾನವಾಗಿ ಇಳಿಸಿದರು. ಮುಳುಗಲು ಎರಡು ನಿಮಿಷ ಹಿಡಿಯಿತು. ಆಮೇಲೆ ಮತ್ತೆ ಒಲೆ ಹಚ್ಚಿದೆವು.

ಜಾಗದ ವಿಷಯದಲ್ಲಿ ರಾಜಿ ಬೇಡ. ಮನೆಯಿಂದ ಕಡಿಮೆ ಅಂದರೆ 10 ಅಡಿ ದೂರ, ಸಮತಟ್ಟಾದ ನೆಲ, ಮಳೆ ಇರಬಾರದು. ಗ್ಯಾರೇಜಿನಲ್ಲಿ, ಮರದ ಡೆಕ್ ಮೇಲೆ ಬೇಡವೇ ಬೇಡ. ಇಲ್ಲಿನ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ಇಂಥ ಗ್ಯಾಸ್ ಫ್ರೈಯರ್‌ಗಳನ್ನು ಬಳಸಲೇಬೇಡಿ ಅನ್ನುತ್ತದೆ. ಆ ಮಾತನ್ನು ಓದಿಕೊಂಡೇ ನಿರ್ಧಾರ ಮಾಡಿ.

ಮಸಾಲೆ ನಮ್ಮದೇ. ಬೆಣ್ಣೆ ಕರಗಿಸಿ ಅದಕ್ಕೆ ಶುಂಠಿ, ಬೆಳ್ಳುಳ್ಳಿ, ಕಾಳುಮೆಣಸು, ಹಸಿಮೆಣಸಿನಕಾಯಿ ರುಬ್ಬಿ ಹಾಕಿದೆ. ಸಿರಿಂಜಿನ ಸೂಜಿ ಎರಡು ಸಲ ಕಟ್ಟಿಕೊಂಡಿತು. ಬಟ್ಟೆಯಲ್ಲಿ ಸೋಸಿದ ಮೇಲೆ ಸಲೀಸಾಗಿ ಇಳಿಯಿತು. ಕಬಾಬಿಗೆ ಮಾಡುವ ಹಾಗೆ ಮೊಸರು, ಖಾರ ಹೊರಗೆ ಬಳಿಯಬೇಡಿ. ಅದು ಎಣ್ಣೆಯಲ್ಲಿ ಬಿಟ್ಟುಕೊಂಡು ಸೀದುಹೋಗುತ್ತದೆ.

ಪೌಂಡಿಗೆ ಮೂರೂವರೆ ನಿಮಿಷದ ಲೆಕ್ಕದಲ್ಲಿ 42 ನಿಮಿಷಕ್ಕೆ ಕೋಳಿ ಸಿದ್ಧ. ಓವನ್ನಿನಲ್ಲಿ ಇಷ್ಟೇ ಕೋಳಿಗೆ ನನಗೆ ಮೂರು ಗಂಟೆ ಹಿಡಿಯುತ್ತಿತ್ತು. ತೊಡೆಗೂ ಎದೆಗೂ ಚುಚ್ಚಿ ನೋಡಿ, 165 ಡಿಗ್ರಿ ದಾಟಿದೆ ಅಂತ ಖಾತ್ರಿ ಮಾಡಿಕೊಂಡು 20 ನಿಮಿಷ ಹಾಗೇ ಬಿಟ್ಟೆ. ಚರ್ಮ ಹಪ್ಪಳದಂತೆ ಮುರಿಯುತ್ತಿತ್ತು. ಎದೆಯ ಮಾಂಸ ಕೊಯ್ದರೆ ರಸ ತಟ್ಟೆಗೆ ಇಳಿಯಿತು. ಕರಿದದ್ದಾದರೂ ಜಿಡ್ಡು ಅನ್ನಿಸಲಿಲ್ಲ. ಹತ್ತು ವರ್ಷದಲ್ಲಿ ಮೊದಲ ಸಲ ನಮ್ಮ ಮನೆಯಲ್ಲಿ ಟರ್ಕಿ ಉಳಿಯಲಿಲ್ಲ. ಮೂಳೆಗಳನ್ನು ಅಮ್ಮ ಮೆಣಸಿನ ಸಾರಿಗೆ ಹಾಕಿದರು.

ಎಣ್ಣೆ ಪೂರ್ತಿ ತಣ್ಣಗಾಗಲು ರಾತ್ರಿಯೆಲ್ಲ ಬೇಕಾಯಿತು. ಸೋಸಿ ಮತ್ತೆ ಡಬ್ಬಿಗೆ ತುಂಬಿಸಿದೆ. ಸಿಂಕಿಗೆ ಸುರಿಯಬೇಡಿ. ಸಂಕ್ರಾಂತಿಗೆ ಇದೇ ಪಾತ್ರೆಯಲ್ಲಿ ನಲವತ್ತು ಜನಕ್ಕೆ ಕಡಲೆಕಾಯಿ, ಗೆಣಸು ಬೇಯಿಸಿದೆ. ಆ ಲೆಕ್ಕಕ್ಕೂ ದುಡ್ಡು ಹುಟ್ಟಿತು. ಹುಣಸೆಹಣ್ಣು, ಟೊಮೆಟೊ ಹಾಕುವ ಅಡುಗೆಗೆ ಮಾತ್ರ ಅಲ್ಯೂಮಿನಿಯಂ ಬೇಡ.

ಪಾತ್ರೆಗೂ ಒಲೆಗೂ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಥರ್ಮಾಮೀಟರಿಗೆ ಸೊನ್ನೆ. ಕಂಪನಿಗೆ ಬರೆದೆ. ಕ್ಷಮೆ ಕೇಳಿ, ಎರಡು ವಾರದಲ್ಲಿ ಹೊಸದನ್ನು ಕಳಿಸಿದರು. ಅದನ್ನೂ ಕುದಿಯುವ ನೀರಿಗೆ ಇಟ್ಟು ನೋಡಿದೆ. 196 ತೋರಿಸಿತು.